ಸೊಂಟದೆತ್ತರ

ಪೇಪರ್ ಟೌನಿನ ಗೆಸ್ಟ್‌ಹೌಸಿನಲ್ಲಿ ಅವ್ವ ಅಡುಗೆಗಿದ್ದಳು.
ಮಷಿನ್ನು ಕೂರಿಸಲು ಜಪಾನಿನಿಂದ ಬಂದವನಿಗೆ
ಎಂಟು ತಿಂಗಳು ಅನ್ನ, ಖಾರವಿಲ್ಲದ ಸಾರು.
ಹೆಸರು ಮೊರಿಶಿತಾ. ಅವ್ವನ ಬಾಯಲ್ಲಿ ಮುರಿಸಿದ್ದಪ್ಪ.

ಪಾಳಿ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತು
ಟೇಪು ಹಾಕುತ್ತಿದ್ದ. ಮಿಲ್ಲಿನ ಕೊಳೆತ ಮೊಟ್ಟೆಯ ಗಾಳಿ,
ಮೂಗು ಮುಚ್ಚಿಕೊಂಡೇ ಕೇಳುತ್ತಿದ್ದೆವು, ನಾನು ಮತ್ತು ಗುತ್ಯಪ್ಪ.
ಅರ್ಥ ಒಂದೂ ಗೊತ್ತಿಲ್ಲ. ಒಂದು ಶಬ್ದ ಮಾತ್ರ
ಹಾಡಿನಿಂದ ಹಾಡಿಗೆ ಹಿಂದೆಯೇ ಬರುತ್ತಿತ್ತು:
ಒತೋತೊ.
ಕೋಳಿ ಕರೆದ ಹಾಗಿದೆ, ಎಂದ ಗುತ್ಯ.

ಮೊರಿಶಿತಾ ನಗಲಿಲ್ಲ. ಬೆರಳು ಮಾಡಿ ಅವನನ್ನೇ ತೋರಿಸಿದ:
ಒತೋತೊ. ತಮ್ಮ.
ನನ್ನ ಕಡೆ ತಿರುಗಿ: ಅನೆ. ಅಕ್ಕ.
ಅಷ್ಟು ಸಾಕಾಯಿತು. ಅವತ್ತಿನಿಂದ ಅದಕ್ಕೊಂದು ದೀರ್ಘ ಎಳೆದು
ಕ್ವಾರ್ಟರ್ಸಿನ ಸಾಲುದ್ದಕ್ಕೂ ಕೂಗಿದ: ಆನೆ! ನಮ್ಮನೆ ಆನೆ!
ಸಕ್ರೆಬೈಲಿನಿಂದ ತಪ್ಪಿಸಿಕೊಂಡು ಬಂದಿದೆ!
ನಾನು ದಪ್ಪಗಿದ್ದೆ. ಅಟ್ಟಿಸಿಕೊಂಡು ಹೋಗಿ ಹೊಡೆದೆ.

ಅವರಲ್ಲೂ ನಮ್ಮಂತೆಯೇ,
ಮುಂಚೆ ಹುಟ್ಟಿದವನಿಗೊಂದು, ಆಮೇಲೆ ಹುಟ್ಟಿದವನಿಗೊಂದು ಹೆಸರು.
ಇಂಗ್ಲಿಷ್ ಮೇಷ್ಟ್ರಿಗೆ ಇಬ್ಬರೂ ಬ್ರದರ್ರೇ.
ಯಾರು ಯಾರ ಕೈ ಹಿಡಿದು ರಸ್ತೆ ದಾಟಿಸಬೇಕು,
ಪಾಪ, ಹೇಗೆ ಗೊತ್ತಾಗುತ್ತದೆ ಅವರಿಗೆ?

ಹಾಡಿನ ಕತೆಗಳನ್ನು ಅವನು ಕೈಯಲ್ಲೇ ಹೇಳುತ್ತಿದ್ದ.
ಒಂದರಲ್ಲಿ ಅಣ್ಣ ಮೀನಿನ ಹಡಗಿನಲ್ಲಿ, ತಮ್ಮನಿಗೆ ಕಾಗದ:
ಶಾಲೆ ಬಿಡಬೇಡ, ಹಿಮದಲ್ಲಿ ಬರಿಗಾಲಲ್ಲಿ ಆಡಬೇಡ.
ಒಂದರಲ್ಲಿ ಅಕ್ಕ ನೂಲಿನ ಗಿರಣಿಯಿಂದ
ಒಂದು ಜೊತೆ ಬೂಟು ಕಳಿಸುತ್ತಾಳೆ,
ಬೆಳೆಯುವ ಕಾಲು, ಒಂದು ನಂಬರು ದೊಡ್ಡದು.
ಇನ್ನೊಂದರಲ್ಲಿ ಏನೂ ಆಗುವುದಿಲ್ಲ. ರೈಲು ಹೋಗುತ್ತದೆ, ಅಷ್ಟೇ.
ತಮ್ಮ ಎಂದಾಗಲೆಲ್ಲ ಅವನ ಅಂಗೈ ಗಾಳಿಯಲ್ಲಿ ನಿಲ್ಲುತ್ತಿತ್ತು,
ಸೊಂಟದೆತ್ತರಕ್ಕೆ.
ಯಾವ ಹಾಡಾದರೂ ಅಷ್ಟೇ ಎತ್ತರ.

ನಿನಗೊಬ್ಬ ಇದ್ದಾನಾ, ಕೇಳಿದಳು ಅವ್ವ, ಕನ್ನಡದಲ್ಲೇ.
ಅವನು ಅದೇ ಕೈಯನ್ನು ಅಲ್ಲೇ ಹಿಡಿದು ಸುಮ್ಮನಿದ್ದ.
ಅವ್ವ ಒಳಗೆ ಹೋಗಿ ಇನ್ನೊಂದು ಹಪ್ಪಳ ಕರಿದಳು.

ಹೊರಡುವ ದಿನ ಟೇಪು ನಮಗೇ ಬಿಟ್ಟ.
ಅವ್ವ ಹೇಳುತ್ತಿದ್ದ ಹಾಡುಗಳಲ್ಲಿ ಬಾಗಿಲಿಗೆ ಬರುವವನು ಯಾವಾಗಲೂ ಅಣ್ಣ,
ಸೀರೆ ಕುಪ್ಪಸ ಹೊತ್ತು.
ನನಗೆ ಅಣ್ಣ ಇರಲಿಲ್ಲ. ಈ ಕ್ಯಾಸೆಟ್ಟಿತ್ತು.

ನನ್ನ ತಮ್ಮ ಆ ಎತ್ತರಕ್ಕೆ ನಿಲ್ಲಲಿಲ್ಲ.
ಸೊಂಟ, ಭುಜ, ನನ್ನ ನೆತ್ತಿ ದಾಟಿದ.
ಮೀಸೆ ಬಂತು, ಮದುವೆಯಾಯಿತು, ಸಕ್ಕರೆ ಕಾಯಿಲೆ ಬಂತು.
ಮಿಲ್ಲು ನಿಂತಿತು. ಅವ್ವ ತೀರಿದಳು.
ಮೂವತ್ತು ನಲವತ್ತರ ಸೈಟಿನ ಮೇಲೆ
ಕೋರ್ಟಿನ ನೋಟಿಸು, ರಿಜಿಸ್ಟರ್ಡ್ ಅಂಚೆ,
ನನ್ನ ಹೆಸರಿನ ಪಕ್ಕ: ಪ್ರತಿವಾದಿ.
ಇದಕ್ಕೆ ಆ ಟೇಪಿನಲ್ಲಿ ಹಾಡಿರಲಿಲ್ಲ.
ನಲವತ್ತಾರರ ತಮ್ಮನನ್ನು ಯಾರು ಹಾಡುತ್ತಾರೆ?

ಮಾತು ಬಿಟ್ಟು ಆರು ವರ್ಷ. ಹೋದ ತಿಂಗಳು ಟೇಪು ನಿಂತಿತು.
ಒಳಗಿನ ಹಿತ್ತಾಳೆ ಗಾಲಿ, ಕಡಲೆಕಾಳಿನಷ್ಟು, ಸವೆದಿದೆ.
ಎಲ್ಲೂ ಸಿಗಲ್ಲ, ಎಂದರು ಗಾಂಧಿ ಬಜಾರಿನಲ್ಲಿ.
ಕಡೆಸಬೇಕು. ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ಇದ್ದಾನೆ,
ಲೇತ್ ಗುತ್ಯಪ್ಪ ಅಂತ, ಕೂದಲೆಳೆ ಹೆಚ್ಚುಕಮ್ಮಿ ಆಗಲ್ಲ.
ಗೊತ್ತು, ಎಂದೆ.

ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಗಾಲಿ ನೋಡಿದ.
ಕನ್ನಡಕ ಹಣೆಗೇರಿಸಿ ಅಳತೆ ಹಿಡಿದ, ಅಂಗೈಯಲ್ಲಿ ಬರೆದುಕೊಂಡ.
ಹಿತ್ತಾಳೆಯ ಸಿಪ್ಪೆ ಸುರುಳಿ ಸುರುಳಿ ಉದುರಿತು.
ಕೂರಿಸಿ, ಬಟನ್ ಒತ್ತಿದ.
ಮೊದಲು ಕಾಲು ಎಡವಿದವರ ಹಾಗೆ,
ಆಮೇಲೆ ನೆಟ್ಟಗೆ, ಆ ಹೆಂಗಸು ಹಾಡಿದಳು.
ಕೆಲಸದ ಹುಡುಗನೊಬ್ಬ ಕಿಸಕ್ಕನೆ ನಕ್ಕ: ಕೋಳಿ ಕರ್ದಂಗೈತೆ.
ಗುತ್ಯ ನಗಲಿಲ್ಲ.

ಎಷ್ಟು, ಎಂದೆ. ನೂರಾ ಎಂಬತ್ತು, ಎಂದ.
ಇನ್ನೂರು ಕೊಟ್ಟೆ. ಇಪ್ಪತ್ತು ಎಣಿಸಿ ವಾಪಸು ಕೊಟ್ಟ.
ಬೇಡವೆಂದರೂ ಬಿಲ್ಲು ಹರಿದ.

ಬಸ್ಸು ತುಂಗೆ ದಾಟುವಾಗ ತೆಗೆದು ನೋಡಿದೆ.
ಗಿರಾಕಿಯ ಹೆಸರು ಎಂಬಲ್ಲಿ, ಗ್ರೀಸು ಹತ್ತಿದ ಹೆಬ್ಬೆಟ್ಟಿನ ಕೆಳಗೆ:
ಆನೆ.
ಮೊದಲ ಅಕ್ಷರದ ಬಾಲವನ್ನು ಗೆರೆ ದಾಟಿಸಿ ಎಳೆದಿದ್ದ.

ಹದಿನಾಲ್ಕನೇ ತಾರೀಖು ಕೇಸಿದೆ.